ಟೇಬಲ್ ಟೆನಿಸ್ ಗೆಳೆತನದ ನಾಲ್ಕು ಕಥೆಗಳು: ಯಾವುದನ್ನು ಯಾರ ಜೊತೆ ಕೂತು ನೋಡಬೇಕು?

ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳು ಶಾಲೆಗೆ ಮಳೆ ರಜೆ ಕೊಟ್ಟರೆ ಶಿರಸಿಯ ನಮ್ಮ ಟಿಟಿ ಹಾಲ್‌ಗೂ ರಜೆ ಬಿದ್ದ ಹಾಗೆಯೇ. ನೆಲ ಬೆವರುತ್ತದೆ, ಟೇಬಲ್ಲಿನ ಮೇಲೆ ತೇವ ಕೂರುತ್ತದೆ, ರಬ್ಬರಿಗೆ ಹಿಡಿತ ಸಿಗದೆ ಚೆಂಡು ಸೋಪಿನ ಹಾಗೆ ಜಾರುತ್ತದೆ. ಸ್ಪಿನ್ ಕಲಿಸುವುದಂತೂ ಆಗದ ಮಾತು. ಎರಡೇ ಟೇಬಲ್ಲಿನ ಹಾಲ್ ಅದು. ಮಕ್ಕಳು ನಾಲ್ಕು ದಿನ ಮನೆಯಲ್ಲಿ ಕೂತರೆ ಐದನೇ ದಿನ ಫೋನ್ ಶುರು: "ಅಕ್ಕಾ, ಟಿಟಿದು ಎಂತಾದ್ರೂ ಇದ್ಯಾ ನೋಡ್ಲಿಕ್ಕೆ?" ಅವರ ಬೆನ್ನಿಗೇ ತಾಯಂದಿರ ಫೋನು. ಹೇಗೂ ಮೊಬೈಲ್ ಹಿಡಿದು ಕೂರುತ್ತಾರೆ, ಒಳ್ಳೆಯದೇನಾದರೂ ಇದ್ದರೆ ಹೇಳಿ, ನಾವೂ ಜೊತೆಗೆ ಕೂತು ನೋಡುತ್ತೇವೆ ಎನ್ನುತ್ತಾರೆ.

ಒಬ್ಬೊಬ್ಬರಿಗೆ ಒಂದೊಂದು ಹೆಸರು ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯೋಣ ಅನ್ನಿಸಿತು. ಟೇಬಲ್ ಟೆನಿಸ್ ಆಡುವವರ ಗೆಳೆತನ ಮತ್ತು ತ್ಯಾಗವನ್ನೇ ಕಥೆಯಾಗಿಸಿಕೊಂಡ ನಾಲ್ಕನ್ನು ಇಲ್ಲಿ ಆರಿಸಿದ್ದೇನೆ: ಜಪಾನಿನ 11 ಕಂತುಗಳ ಆನಿಮೇಷನ್ ಸರಣಿ, ಚೀನಾದ ಒಂದು ಉದ್ದನೆಯ ಧಾರಾವಾಹಿ, ಕೊರಿಯಾದ ಒಂದು ಸಿನಿಮಾ, ಚೀನಾದ್ದೇ ಇನ್ನೊಂದು ಸಿನಿಮಾ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲು ದಾಟಿದ, ಈಗಾಗಲೇ ಸ್ಪರ್ಧೆಗೆ ಹೋಗುತ್ತಿರುವ ಮಕ್ಕಳಿಗೆ ಜಪಾನಿನ ಸರಣಿ. ಐದು, ಆರು, ಏಳನೇ ಇಯತ್ತೆಯವರ ಜೊತೆ ಮನೆಮಂದಿಯೆಲ್ಲ ಕೂತು ನೋಡುವುದಾದರೆ ಕೊರಿಯಾದ ಸಿನಿಮಾ. ಊಟವಾದ ಮೇಲೆ ದಿನಕ್ಕೊಂದು ಕಂತು ನೋಡುವ ಅಭ್ಯಾಸ ಇರುವವರಿಗೆ ಚೀನಾದ ಧಾರಾವಾಹಿ. ತಂಡದಲ್ಲಿ ಆಡುವವರಿಗೆ, ಅದರಲ್ಲೂ ಬೆಂಚಿನ ಮೇಲೆ ಕೂತು ಅಭ್ಯಾಸವಾದವರಿಗೆ, ಚೀನಾದ ಸಿನಿಮಾ. ಆದರೆ ಈ ಪಟ್ಟಿಗಿಂತ ನನಗೆ ಮುಖ್ಯವಾದ ಪ್ರಶ್ನೆ ಒಂದಿದೆ. ಗೆಳತಿಗಾಗಿ ಒಬ್ಬಳು ಬೇಕೆಂದೇ ಸೋತರೆ ಅದನ್ನು ಆ ಕಥೆ ಹೇಗೆ ನೋಡುತ್ತದೆ? ನಾನು ನಾಲ್ಕನ್ನೂ ಈ ಒಂದೇ ತಕ್ಕಡಿಯಲ್ಲಿ ತೂಗಿದ್ದೇನೆ. ಅದಕ್ಕೆ ಕಾರಣ ಇದೆ.

ಆಗಿನ್ನೂ 21 ಅಂಕದ ಆಟ. 2001ರಲ್ಲಿ ಅದು 11ಕ್ಕೆ ಇಳಿಯಿತು, ಎರಡೆರಡು ಸರ್ವೀಸಿನ ಪದ್ಧತಿ ಬಂತು. ಅದಕ್ಕೂ ಮೊದಲು ಒಬ್ಬೊಬ್ಬರಿಗೆ ಸಾಲಾಗಿ ಐದೈದು ಸರ್ವೀಸು. ನಾನು ಮತ್ತು ನನ್ನ ಗೆಳತಿ ಶಿರಸಿಯಿಂದ ಬೆಳಗಿನ ಬಸ್ಸಿಗೆ ದೇವಿಮನೆ ಘಾಟ್ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಬೆಂಗಳೂರಿನ ಟೂರ್ನಿಯ ಆಯ್ಕೆಗೆ ಹೋಗಿದ್ದೆವು. ಸಮುದ್ರದ ಗಾಳಿ ಚೆಂಡನ್ನು ಎಳೆಯದಿರಲಿ ಎಂದು ಕಿಟಕಿ ಎಲ್ಲ ಮುಚ್ಚಿದ್ದರು, ಫ್ಯಾನ್ ಆಫ್. ಬ್ಯಾಟಿನ ಹಿಡಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಉಳಿದಿದ್ದು ಒಂದೇ ಜಾಗ. ಕೊನೆಗೆ ಎದುರುಬದುರಾಗಿ ನಿಂತವರು ನಾವಿಬ್ಬರೇ. ಕೊನೆಯ ಗೇಮು, 15-15. ಸರ್ವೀಸು ಅವಳದು.

ನನ್ನ ಬ್ಯಾಕ್‌ಹ್ಯಾಂಡ್ ಎಷ್ಟು ಕಚ್ಚಾ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಲೋಕದಲ್ಲಿ ಯಾರೂ ಇರಲಿಲ್ಲ. ನಾಲ್ಕು ವರ್ಷ ದಿನವೂ ಎದುರಿಗೆ ನಿಂತು ನಾಕಿಂಗ್ ಮಾಡಿದವಳು. ಅವಳ ಐದಕ್ಕೆ ಐದೂ ಸರ್ವೀಸು ನನ್ನ ಫೋರ್‌ಹ್ಯಾಂಡಿಗೆ ಬಂದವು. ಉದ್ದ, ಸ್ಪಿನ್ ಇಲ್ಲದೆ, ಹೊಡಿ ಎಂದು ಎತ್ತಿ ಕೊಟ್ಟ ಹಾಗೆ. ಎರಡನೆಯದಕ್ಕೇ ನನಗೆ ಗೊತ್ತಾಯಿತು. ಗೊತ್ತಾದರೂ ಹೊಡೆದೆ, ಐದನ್ನೂ ಹೊಡೆದೆ. ಬೆಂಗಳೂರಿಗೆ ನಾನು ಹೋದೆ, ಮೊದಲನೇ ಸುತ್ತಿನಲ್ಲೇ ಸೋತು ಬಂದೆ. ವಾಪಸು ಬಂದ ಮೇಲೆ ಅವಳ ಮುಖ ನೋಡಲಾಗಲಿಲ್ಲ. ಅವಳು ಉಪಕಾರ ಮಾಡಿದ್ದಳು, ನಾನು ಕಳ್ಳತನ ಮಾಡಿದವಳ ಹಾಗೆ ತಪ್ಪಿಸಿಕೊಂಡು ತಿರುಗಿದೆ. ಆಮೇಲೆ ನಾವಿಬ್ಬರೂ ಒಂದೇ ಟೇಬಲ್ಲಿಗೆ ಬರಲು ಎಷ್ಟೋ ವರ್ಷ ಹಿಡಿಯಿತು. ಹಾಗಾಗಿ ಈಗ ನನ್ನ ಹತ್ತಿರ ಕಲಿಯುವ ಮಕ್ಕಳಿಗೆ ‘ಗೆಳೆತನಕ್ಕಾಗಿ ತ್ಯಾಗ’ ಎಂದು ಯಾವ ಕಥೆ ತೋರಿಸಿದರೂ ಮೊದಲು ನಾನೊಬ್ಬಳೇ ಕೂತು ನೋಡಿರುತ್ತೇನೆ.

ಜಪಾನಿನದು: ‘ಪಿಂಗ್ ಪಾಂಗ್ ದಿ ಆನಿಮೇಷನ್’

ತೈಯೋ ಮತ್ಸುಮೊಟೊ 1996-97ರಲ್ಲಿ ಬರೆದ ಚಿತ್ರಕಥಾ ಮಾಲೆಯನ್ನು ಮಸಾಕಿ ಯುವಾಸಾ 2014ರಲ್ಲಿ ಟಿವಿಗೆ ತಂದರು. ಅರ್ಧ ಗಂಟೆಗೂ ಕಡಿಮೆಯ 11 ಕಂತು. ಇದೇ ಕಥೆ 2002ರಲ್ಲಿ ಸಿನಿಮಾ ಆಗಿಯೂ ಬಂದಿದೆ, ಆದರೆ ಒಂದನ್ನೇ ನೋಡುವುದಾದರೆ ಸರಣಿಯನ್ನು ನೋಡಿ. ಸಿನಿಮಾದಲ್ಲಿ ಜಾಗವಿಲ್ಲದೆ ಚಿಕ್ಕದಾದ ಎದುರಾಳಿಗಳಿಗೆ ಸರಣಿಯಲ್ಲಿ ಅವರದೇ ಮನೆ, ಅವರದೇ ನೋವು ಇದೆ.

ಮೊದಲ ಕಂತು ನೋಡಿದಾಗ ಮಕ್ಕಳು ಮೂಗು ಮುರಿಯುತ್ತಾರೆ. ಗೆರೆಗಳು ಸೊಟ್ಟ, ಮುಖಗಳು ಅಂದವಿಲ್ಲ, ಪರದೆಯೇ ನಾಲ್ಕು ತುಂಡಾಗಿ ಒಡೆಯುತ್ತದೆ. ಮೂರನೇ ಕಂತಿನವರೆಗೆ ತಾಳ್ಮೆ ಇರಲಿ. ಆಟದ ವೇಗಕ್ಕೆ ಆ ಸೊಟ್ಟ ಗೆರೆಯೇ ಸರಿ ಎಂದು ಅಷ್ಟು ಹೊತ್ತಿಗೆ ಅವರಿಗೇ ತಿಳಿಯುತ್ತದೆ.

ಕಥೆ ಕಡಲ ಪಕ್ಕದ ಊರಿನ ಇಬ್ಬರು ಹುಡುಗರದು. ಟೋಕಿಯೊದ ದಕ್ಷಿಣಕ್ಕಿರುವ ಎನೊಶಿಮಾ ಕಡೆ. ಸೇತುವೆ ದಾಟಿದರೆ ಪುಟ್ಟ ದ್ವೀಪ, ಸುತ್ತ ಸಮುದ್ರ. ಕಾರವಾರದ ದಂಡೆಯಲ್ಲಿ ನಿಂತು ಕೂರ್ಮಗಡ ನೋಡಿ ಬೆಳೆದ ಮಕ್ಕಳಿಗೆ ಆ ಊರು ಹೊಸದೆನಿಸುವುದಿಲ್ಲ. ಪೆಕೊ ಬಾಯಿಬಡುಕ, ಪ್ರತಿಭೆ ಇರುವವನು, ಸೋಮಾರಿ. ಸ್ಮೈಲ್ ಎಂಬ ಅಡ್ಡಹೆಸರಿನವನು ನಗುವುದೇ ಇಲ್ಲ. ಚಿಕ್ಕಂದಿನಲ್ಲಿ ಬೇರೆ ಹುಡುಗರ ಕಾಟದಿಂದ ತನ್ನನ್ನು ಪಾರುಮಾಡಿದ ಪೆಕೊನೇ ಅವನಿಗೆ ಹೀರೋ. ಹಾಗಾಗಿ ಪೆಕೊಗಿಂತ ಚೆನ್ನಾಗಿ ಆಡಬಲ್ಲನಾದರೂ ಅವನ ಎದುರು ಕೈ ಹಿಡಿದೇ ಆಡುತ್ತಾನೆ. ಶಾಂಘೈನಿಂದ ಬಂದ ಕಾಂಗ್ ಎಂಬ ಆಟಗಾರ ದೂರದಲ್ಲಿ ನಿಂತು, ಚೆಂಡಿನ ಸದ್ದಿಗೆ ಕಿವಿಗೊಟ್ಟೇ ಆಡುತ್ತಿರುವವರನ್ನು ಅಳೆಯುವ ಒಂದು ದೃಶ್ಯ ಇದೆ. ಆಡಿದವರಿಗೆ ಅದು ಕೂಡಲೇ ತಟ್ಟುತ್ತದೆ. ಕೈ ಹಿಡಿದು ಹೊಡೆದ ಹೊಡೆತದ ಸದ್ದೇ ಬೇರೆ. ಕಾರವಾರದಲ್ಲಿ ಅಂದು ನಾನು ಕೇಳಿದ್ದೂ ಅದೇ ಸದ್ದು.

ಸ್ಮೈಲ್ ಇನ್ನೊಮ್ಮೆಯೂ ಇದೇ ಕೆಲಸ ಮಾಡುತ್ತಾನೆ. ಚೀನಾದ ತಂಡದಿಂದ ಹೊರಬಿದ್ದ ಕಾಂಗ್‌ಗೆ ಈ ಗೆಲುವು ಎಷ್ಟು ಬೇಕಾಗಿದೆ ಎಂದು ಅರಿವಾದಾಗ, ಗೆಲ್ಲುತ್ತಿದ್ದ ಪಂದ್ಯ ಕೈಬಿಡುತ್ತಾನೆ. ಬೇರೆ ಕಥೆಯಾಗಿದ್ದರೆ ಇಲ್ಲಿ ಪಿಟೀಲು ಬಾರಿಸಿ ನಮ್ಮ ಕಣ್ಣು ಒದ್ದೆ ಮಾಡುತ್ತಿದ್ದರು. ಈ ಸರಣಿ ಹಾಗೆ ಮಾಡುವುದಿಲ್ಲ. ಆ ಕರುಣೆಯಿಂದ ಯಾರಿಗೂ ಒಳ್ಳೆಯದಾಗಲಿಲ್ಲ ಎಂಬುದನ್ನು ಒಂದೊಂದೇ ಕಂತಿನಲ್ಲಿ ಬಿಚ್ಚುತ್ತ ಹೋಗುತ್ತದೆ. ಪೆಕೊ ತನ್ನ ಬಗ್ಗೆ ಸುಳ್ಳು ನಂಬಿಕೆಯಲ್ಲೇ ಬೆಳೆದು ಒಂದು ದಿನ ಮುಗ್ಗರಿಸಿ ಬೀಳುತ್ತಾನೆ. ಅವನನ್ನು ಎಬ್ಬಿಸುವವನು ಸ್ಮೈಲ್ ಅಲ್ಲ. ಬಾಲ್ಯದಿಂದ ಅವರಿಬ್ಬರ ಹಿಂದೆ ಓಡಿ ಓಡಿ ಸೋತ, ಹುಟ್ಟು ಪ್ರತಿಭೆ ಇಲ್ಲದ ಅಕುಮಾ. ಅವನು ಪೆಕೊಗೆ ಹೇಳುವ ನೇರ ಮಾತಿನಲ್ಲಿ ಇರುವಷ್ಟು ಗೆಳೆತನ ನನಗೆ ಇನ್ನಾವ ಪಾತ್ರದಲ್ಲೂ ಕಾಣಲಿಲ್ಲ.

ಕೊನೆಯ ಕಂತುಗಳ ಬಗ್ಗೆ ಒಂದೇ ಸುಳಿವು ಕೊಡುತ್ತೇನೆ. ಸ್ಮೈಲ್‌ನ ಮುದುಕ ಕೋಚ್ ತನ್ನ ಯೌವನದಲ್ಲಿ, ಮಂಡಿನೋವಿದ್ದ ಗೆಳೆಯನ ಆ ಮಂಡಿಯ ಕಡೆಗೆ ಚೆಂಡು ಹೊಡೆಯಲಾರದೆ ಸೋತವನು. ಅದೇ ಸಂದರ್ಭ ಸ್ಮೈಲ್‌ನ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಿ: ನೀನಾಗಿದ್ದರೆ ಎಲ್ಲಿಗೆ ಹೊಡೆಯುತ್ತಿದ್ದೆ? ತಾಳಮದ್ದಲೆಯಲ್ಲಿ ಕರ್ಣ ಕವಚ ಕುಂಡಲ ಕೊಟ್ಟದ್ದು ಸರಿಯೋ ತಪ್ಪೋ ಎಂದು ಬೆಳಗಿನ ಜಾವದವರೆಗೆ ವಾದ ಕೇಳಿದ ಮನೆಗಳು ನಮ್ಮವು, ಮಕ್ಕಳು ಸುಮ್ಮನೆ ತಲೆಯಾಡಿಸಿ ಬಿಡುವುದಿಲ್ಲ.

ಕಳೆದ ಮಾರಿಕಾಂಬಾ ಜಾತ್ರೆಗೆ ನನ್ನ ಗೆಳತಿ ಊರಿಗೆ ಬಂದಿದ್ದಳು. ಜಾತ್ರೆ ಎರಡು ವರ್ಷಕ್ಕೊಮ್ಮೆ, ಅವಳು ಬರುವುದೂ ಹೆಚ್ಚುಕಡಿಮೆ ಅಷ್ಟೇ. ಇಬ್ಬರೂ ಕೂತು ಕೊನೆಯ ಎರಡು ಕಂತು ನೋಡಿದೆವು. ಮುಗಿದ ಮೇಲೆ ಅವಳು ಹೇಳಿದ್ದು ಇಷ್ಟೇ: "ನೀ ಗೆಲ್ಲದಿದ್ರೆ ಅಪ್ಪ ಆಟ ಬಿಡಿಸ್ತಾರೆ ಅಂದಿದ್ಯಲೇ ಮಾರಾಯ್ತಿ." ನಾನು ಹಾಗೆ ಅಂದಿದ್ದೆ ಎಂಬುದೇ ನನಗೆ ಮರೆತುಹೋಗಿತ್ತು. ಮಾರನೇ ದಿನ ಹಾಲ್‌ಗೆ ಹೋದೆವು. ಅವಳ ಮೊದಲ ಸರ್ವೀಸು ಸೀದಾ ನನ್ನ ಬ್ಯಾಕ್‌ಹ್ಯಾಂಡಿಗೆ ಬಂತು, ಗಿಡ್ಡ, ಒಳಗೆ ತಿರುಗುವ ಸ್ಪಿನ್ನಿನದು. ನೆಟ್ಟಿಗೆ ಹಾಕಿದೆ. ಅಷ್ಟು ಖುಷಿಯಿಂದ ನಾನು ಯಾವ ಪಾಯಿಂಟನ್ನೂ ಕಳೆದುಕೊಂಡಿಲ್ಲ.

ಆಟದ ದೃಷ್ಟಿಯಿಂದಲೂ ಈ ಸರಣಿಯಿಂದ ಕಲಿಯುವುದಿದೆ. ಸ್ಮೈಲ್ ಚಾಪ್ ಆಡುವವನು. ಟೇಬಲ್ಲಿನಿಂದ ಹಿಂದೆ ಸರಿದು, ಬ್ಯಾಟನ್ನು ಮೇಲಿನಿಂದ ಕೆಳಕ್ಕೆ ಇಳಿಸಿ ಚೆಂಡಿಗೆ ಹಿಮ್ಮುಖ ಸ್ಪಿನ್ ಕೊಡುವ ಶೈಲಿ ಅದು. ನಮ್ಮ ಹಾಲ್‌ಗಳಲ್ಲಿ ಟೇಬಲ್ಲಿನ ಹಿಂದೆ ಮೂರು ಹೆಜ್ಜೆಗೆ ಗೋಡೆ, ಹಾಗಾಗಿ ಇಲ್ಲಿ ಆ ಆಟ ಹುಟ್ಟುವುದೇ ಕಷ್ಟ. ಪೆಕೊ ಪೆನ್ನು ಹಿಡಿದ ಹಾಗೆ ಬ್ಯಾಟು ಹಿಡಿಯುವವನು. ಆ ಹಿಡಿತದಲ್ಲಿ ಬ್ಯಾಕ್‌ಹ್ಯಾಂಡ್ ಕಡೆ ಇರುವ ಕೊರತೆಯನ್ನು ಬ್ಯಾಟಿನ ಹಿಂಬದಿಗೂ ರಬ್ಬರು ಅಂಟಿಸಿ ತುಂಬಿಕೊಳ್ಳುತ್ತಾನೆ. ಇವತ್ತು ಪೆನ್‌ಹೋಲ್ಡ್ ಆಡುವವರಲ್ಲಿ ಬಹುಪಾಲು ಮಂದಿ ಹಾಗೇ ಆಡುವುದು.

ಚೀನಾದ ಧಾರಾವಾಹಿ

2021ರಲ್ಲಿ ಬಂದದ್ದು, ಇಂಗ್ಲಿಷಿನಲ್ಲಿ ಬರೀ ‘ಪಿಂಗ್ ಪಾಂಗ್’ ಎಂಬ ಹೆಸರು. ಬಾಯ್ ಜಿಂಗ್‌ಟಿಂಗ್ ಮತ್ತು ಷು ವೇಯ್‌ಝೌ ಮುಖ್ಯ ನಟರು. ಇಬ್ಬರು ಹುಡುಗರು ಎದುರಾಳಿಗಳಾಗಿ ಶುರುಮಾಡಿ, ಗೆಳೆಯರಾಗಿ, ರಾಷ್ಟ್ರೀಯ ತಂಡದವರೆಗೆ ಏರುವ ಕಥೆ. ಉದ್ದ ಇದೆ, ನಮ್ಮ ಸಂಜೆಯ ಧಾರಾವಾಹಿಗಳ ಹಾಗೆ ನಿಧಾನವಾಗಿ ಸಾಗುತ್ತದೆ. ಮನೆಯಲ್ಲಿ ಅಜ್ಜಿ, ಆಯಿ ಎಲ್ಲರೂ ಸೇರುವ ಹೊತ್ತಿಗೆ ಇದು ಸರಿ. ಅಮ್ಮಂದಿರ ಚಿಂತೆ, ಕೋಚ್‌ಗಳ ಕೋಪ, ಹಾಸ್ಟೆಲ್ಲಿನ ಊಟ ಎಲ್ಲ ಇದೆ. ನಟರು ಟೇಬಲ್ಲಿನ ಮುಂದೆ ನಿಲ್ಲುವ ಭಂಗಿಯಲ್ಲಿ ಶ್ರಮ ಕಾಣುತ್ತದೆ. ಆದರೆ ರ್‍ಯಾಲಿಗಳನ್ನು ಕತ್ತರಿಸಿ ಜೋಡಿಸಿದ್ದು ಆಡುವ ಮಕ್ಕಳ ಕಣ್ಣಿಗೆ ಬೇಗ ಬೀಳುತ್ತದೆ.

ಇದನ್ನು ನೋಡುವ ಮೊದಲು ಮಕ್ಕಳಿಗೆ ಚೀನಾದ ವ್ಯವಸ್ಥೆ ಸ್ವಲ್ಪ ತಿಳಿಸಿ. ಊರಿನ ಕ್ರೀಡಾ ಶಾಲೆ, ಅಲ್ಲಿಂದ ಪ್ರಾಂತ್ಯದ ತಂಡ, ಅಲ್ಲಿಂದ ರಾಷ್ಟ್ರೀಯ ಎರಡನೇ ತಂಡ, ಆಮೇಲೆ ಮೊದಲನೇ ತಂಡ. ಪ್ರತಿ ಮೆಟ್ಟಿಲಿನಲ್ಲೂ ನೂರಾರು ಮಕ್ಕಳು ಉಳಿದುಹೋಗುತ್ತಾರೆ. ಹಾಗೆ ಉಳಿದವರಲ್ಲಿ ಕೆಲವರಿಗೆ ಸಿಗುವ ಕೆಲಸ ಇನ್ನೊಬ್ಬರ ಅಭ್ಯಾಸಕ್ಕೆ ಎದುರು ನಿಲ್ಲುವುದು. ವಿದೇಶದ ಆಟಗಾರ ಹೇಗೆ ಸರ್ವೀಸು ಮಾಡುತ್ತಾನೆ, ಹೇಗೆ ಮುಮ್ಮುಖ ಸ್ಪಿನ್ನಿನ ಲೂಪ್ ಎತ್ತುತ್ತಾನೆ ಎಂದು ವೀಡಿಯೊ ನೋಡಿ ಕಲಿತು, ಅವನಂತೆಯೇ ಆಡಿ ತಮ್ಮವರನ್ನು ತಯಾರು ಮಾಡುವುದು. ತಮ್ಮ ಸ್ವಂತ ಆಟವನ್ನೇ ಬಿಟ್ಟುಕೊಟ್ಟವರು ಅವರು. ಯಕ್ಷಗಾನದಲ್ಲಿ ಮದ್ದಳೆಯವರು ಕುಣಿಯುವವರ ಹೆಜ್ಜೆಗೆ ಕಣ್ಣಿಟ್ಟು ರಾತ್ರಿಯಿಡೀ ಕೂರುತ್ತಾರಲ್ಲ, ಅವರ ನೆನಪಾಗುತ್ತದೆ ನನಗೆ.

ಅಲ್ಲಿನ ನಿಜವಾದ ಚರಿತ್ರೆ ಈ ಧಾರಾವಾಹಿಗಿಂತ ಗಟ್ಟಿ. 1961, 1963, 1965, ಮೂರು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲೂ ಪುರುಷರ ಸಿಂಗಲ್ಸ್ ಗೆದ್ದವರು ಝುವಾಂಗ್ ಝೆಡೊಂಗ್. ಮೂರೂ ಸಲ ಫೈನಲ್‌ನಲ್ಲಿ ಸೋತವರು ಒಬ್ಬರೇ, ಅವರದೇ ತಂಡದ ಲಿ ಫುರೊಂಗ್. ಸಾಲಾಗಿ ಮೂರು ಸಲ ಗೆದ್ದವರಿಗೆ ಟ್ರೋಫಿಯ ಪ್ರತಿಕೃತಿಯನ್ನು ಶಾಶ್ವತವಾಗಿ ಕೊಡುವ ಪದ್ಧತಿ ಇತ್ತು, ಝುವಾಂಗ್‌ಗೆ ಅದು ಸಿಕ್ಕಿತು. ತಂಡದ ಆದೇಶದಂತೆ ಲಿ ಬಿಟ್ಟುಕೊಟ್ಟರು ಎಂಬ ಮಾತು ಚೀನಾದಲ್ಲೇ ಬಹಳ ಬರೆದು ಚರ್ಚೆಯಾದ ವಿಷಯ. ಲಿ ಮುಂದೆ ಅದೇ ತಂಡದ ಕೋಚ್ ಆದರು.

ಇನ್ನೊಂದು ಘಟನೆ ನಮ್ಮ ದೆಹಲಿಯಲ್ಲೇ ನಡೆದದ್ದು. 1987ರ ವಿಶ್ವ ಚಾಂಪಿಯನ್‌ಷಿಪ್‌ನ ಮಹಿಳಾ ಸೆಮಿಫೈನಲ್‌ನಲ್ಲಿ ತನ್ನದೇ ತಂಡದ ಗುವಾನ್ ಜಿಯಾನ್‌ಹುವಾಗೆ ಸೋತುಕೊಡಬೇಕು ಎಂದು ಹೆ ಝಿಲಿಗೆ ಹೇಳಿದ್ದರು. ಫೈನಲ್‌ನಲ್ಲಿ ಕೊರಿಯಾದವಳನ್ನು ಎದುರಿಸಲು ಗುವಾನ್ ಹೆಚ್ಚು ಸರಿ ಎಂಬ ಲೆಕ್ಕಾಚಾರ. ಹೆ ಝಿಲಿ ಸೋಲಲಿಲ್ಲ. ಸೆಮಿಫೈನಲ್ ಗೆದ್ದು, ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಯಾಂಗ್ ಯಂಗ್-ಜಾ ಅವರನ್ನೂ ಸೋಲಿಸಿ ವಿಶ್ವ ಚಾಂಪಿಯನ್ ಆದಳು. ಮರುವರ್ಷ ಸೋಲ್‌ನಲ್ಲಿ ಟೇಬಲ್ ಟೆನಿಸ್ ಮೊದಲ ಬಾರಿ ಒಲಿಂಪಿಕ್ಸ್‌ಗೆ ಸೇರಿದಾಗ ಚೀನಾದ ತಂಡದಲ್ಲಿ ಅವಳಿಗೆ ಜಾಗ ಇರಲಿಲ್ಲ. ಆಮೇಲೆ ಜಪಾನಿಗೆ ಹೋಗಿ ಕೊಯಾಮಾ ಚಿರೆ ಎಂಬ ಹೆಸರಿನಲ್ಲಿ ಆಡಿ, 1994ರ ಹಿರೋಶಿಮಾ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಚೀನಾದ ಚಾಂಪಿಯನ್ ಡೆಂಗ್ ಯಾಪಿಂಗ್‌ರನ್ನು ಸೋಲಿಸಿದಳು.

ಈ ಎರಡನ್ನೂ ಹೇಳಿದರೆ ಮಕ್ಕಳಿಗೆ ಧಾರಾವಾಹಿಯ ತ್ಯಾಗದ ದೃಶ್ಯಗಳನ್ನು ಕೇಳಬೇಕಾದ ಪ್ರಶ್ನೆ ತಾನಾಗಿ ಸಿಗುತ್ತದೆ: ಇವನು ಬಿಟ್ಟುಕೊಟ್ಟನೋ, ಇವನಿಂದ ಬಿಡಿಸಿಕೊಂಡರೋ? ಧಾರಾವಾಹಿ ಇಬ್ಬರ ಗೆಳೆತನವನ್ನು ಪ್ರೀತಿಯಿಂದ ಕಟ್ಟುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂಡ ಮತ್ತು ಧ್ವಜದ ಮುಂದೆ ಆ ಪ್ರಶ್ನೆ ಮೆತ್ತಗಾಗುತ್ತದೆ ಎಂಬುದು ನನ್ನ ಅನಿಸಿಕೆ. ಹಾಗಾಗಿ ನನ್ನ ತಕ್ಕಡಿಯಲ್ಲಿ ಇದು ಜಪಾನಿನದಕ್ಕಿಂತ ಕೆಳಗೆ.

ಕೊರಿಯಾದ ಸಿನಿಮಾ: ‘ಆ್ಯಸ್ ಒನ್’

2012ರ ಸಿನಿಮಾ, ಎರಡು ಗಂಟೆ ಚಿಲ್ಲರೆ. 1991ರಲ್ಲಿ ಜಪಾನಿನ ಚಿಬಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಉತ್ತರ ಮತ್ತು ದಕ್ಷಿಣ ಕೊರಿಯಾ ಒಂದೇ ತಂಡ ಕಳಿಸಿದ್ದವು. ಬಿಳಿ ಬಟ್ಟೆಯ ಮೇಲೆ ತಿಳಿನೀಲಿಯಲ್ಲಿ ಇಡೀ ಕೊರಿಯಾದ ನಕ್ಷೆ ಬರೆದ ಬಾವುಟ, ರಾಷ್ಟ್ರಗೀತೆಯ ಜಾಗದಲ್ಲಿ ‘ಅರಿರಾಂಗ್’ ಎಂಬ ಜನಪದ ಹಾಡು. ಎಂಟು ಸಲ ಸಾಲಾಗಿ ಮಹಿಳಾ ತಂಡದ ಪ್ರಶಸ್ತಿ ಗೆದ್ದಿದ್ದ ಚೀನಾವನ್ನು ಆ ತಂಡ ಫೈನಲ್‌ನಲ್ಲಿ 3-2ರಿಂದ ಸೋಲಿಸಿತು. ಸಿನಿಮಾ ದಕ್ಷಿಣದ ಹ್ಯುನ್ ಜುಂಗ್-ಹ್ವಾ ಮತ್ತು ಉತ್ತರದ ರಿ ಪುನ್-ಹುಯಿ ಇವರಿಬ್ಬರ ಗೆಳೆತನದ ಸುತ್ತ ಹೆಣೆದದ್ದು. ಹಾ ಜಿ-ವೊನ್ ಮತ್ತು ಬೇ ಡೂನಾ ಆ ಪಾತ್ರಗಳಲ್ಲಿದ್ದಾರೆ.

ಚಿಕ್ಕ ಮಕ್ಕಳಿಗೆ ನಾನು ಮೊದಲು ತೋರಿಸುವುದು ಇದನ್ನೇ. ಕಥೆ ನೇರ. ಜಗಳ, ರಾಜಿ, ಅಗಲಿಕೆ ಎಲ್ಲ ಕಣ್ಣೆದುರಿಗೇ ನಡೆಯುತ್ತವೆ, ಅಡಿಬರಹ ಓದದಿದ್ದರೂ ಅರ್ಧ ತಿಳಿಯುತ್ತದೆ. ಇಲ್ಲಿ ಬೇಕೆಂದೇ ಸೋಲುವ ಮಾತಿಲ್ಲ. ಗೆಳತಿಯರಿಬ್ಬರೂ ಗೆಲ್ಲಲೆಂದೇ ಆಡುತ್ತಾರೆ. ಅವರು ಕಳೆದುಕೊಳ್ಳುವುದು ಒಬ್ಬರನ್ನೊಬ್ಬರನ್ನು, ಅದೂ ಗೆದ್ದ ಮೇಲೆ. ಟೂರ್ನಿ ಮುಗಿದ ಕೂಡಲೇ ತಂಡ ಬೇರೆಯಾಗಿ, ಇಬ್ಬರೂ ಗಡಿಯ ಆಚೆ ಈಚೆ. ಕೊನೆಯ ಬಸ್ಸಿನ ದೃಶ್ಯಕ್ಕೆ ಮಾತ್ರ ಕರವಸ್ತ್ರ ಹತ್ತಿರ ಇರಲಿ. ಭಾವುಕತೆ ಒಂದು ಹಿಡಿ ಹೆಚ್ಚೇ ಆಗಿದೆ, ಆದರೆ ಆ ವಿಷಯಕ್ಕೆ ಅದು ಭಾರವಾಗಿಲ್ಲ.

ಮಕ್ಕಳಿಗೆ ಒಂದು ಸಂಗತಿಯನ್ನು ನೀವೇ ಸೇರಿಸಿ ಹೇಳಬೇಕು. ಚಿಬಾದ ಆ ಫೈನಲ್‌ನಲ್ಲಿ ಮೊದಲ ಪಂದ್ಯದಲ್ಲಿ ಡೆಂಗ್ ಯಾಪಿಂಗ್‌ರನ್ನು, ಕೊನೆಯ ನಿರ್ಣಾಯಕ ಪಂದ್ಯದಲ್ಲಿ ಗಾವ್ ಜುನ್‌ರನ್ನು ಸೋಲಿಸಿದವಳು ಹ್ಯುನ್ ಅಲ್ಲ, ರಿ ಅಲ್ಲ, ಉತ್ತರ ಕೊರಿಯಾದ ಯು ಸುನ್-ಬೊಕ್ ಎಂಬ ಮೂರನೆಯವಳು. ಜೋಡಿಯ ಕಥೆ ಹೇಳುವಾಗ ಮೂರನೆಯವರು ಹಿಂದೆ ಬೀಳುವುದು ಸಹಜ. ಅವಳ ಹೆಸರನ್ನೂ ಮಕ್ಕಳು ತಿಳಿದಿರಲಿ. 2018ರಲ್ಲಿ ಸ್ವೀಡನ್ನಿನ ಹಾಲ್ಮ್‌ಸ್ಟಾಡ್‌ನಲ್ಲಿ ಎರಡೂ ಕೊರಿಯಾಗಳು ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾದಾಗ ಆಡದೆ ಮತ್ತೆ ಒಂದೇ ತಂಡವಾದದ್ದನ್ನೂ ಹೇಳಿ. ಸೆಮಿಫೈನಲ್‌ನಲ್ಲಿ ಅವರು ಜಪಾನಿಗೆ ಸೋತರು.

ಚೀನಾದ ಸಿನಿಮಾ: ‘ಪಿಂಗ್ ಪಾಂಗ್: ದಿ ಟ್ರಯಂಫ್’

2023ರದು. 1989ರಲ್ಲಿ ಡಾರ್ಟ್‌ಮುಂಡ್‌ನಲ್ಲಿ ಚೀನಾದ ಪುರುಷರ ತಂಡ ಸ್ವೀಡನ್ನಿನ ಕೈಯಲ್ಲಿ 0-5ರಿಂದ ಸೋತಿತು. ಅಲ್ಲಿಂದ ಎದ್ದು 1995ರಲ್ಲಿ ಟಿಯಾಂಜಿನ್‌ನಲ್ಲಿ 3-2ರಿಂದ ಗೆಲ್ಲುವವರೆಗಿನ ಕಥೆ. ಹೆಸರು ಬದಲಿಸಿದ್ದಾರೆ, ಆದರೆ ಇಟಲಿಯಿಂದ ವಾಪಸು ಬಂದು ತಂಡ ಕಟ್ಟಿದ ಕೋಚ್ ಕಾಯ್ ಝೆನ್‌ಹುವಾ ಎಂಬುದು ಗೊತ್ತಾಗುತ್ತದೆ. ನಿರ್ದೇಶಕರಲ್ಲಿ ಒಬ್ಬರಾದ ಡೆಂಗ್ ಚಾವ್ ಅವರದೇ ಆ ಪಾತ್ರ. ಗೆಳೆತನಕ್ಕಿಂತ ತಂಡ ದೊಡ್ಡದು ಇಲ್ಲಿ. ಡಿಂಗ್ ಸೊಂಗ್ ಎಂಬ ಚಾಪ್ ಆಟಗಾರನನ್ನು ನಿಜವಾದ ಫೈನಲ್‌ನಲ್ಲಿ ಗುಟ್ಟಾಗಿ ಇಟ್ಟು ಇಳಿಸಿದ್ದರು. ಕಾಯುತ್ತ ಕೂರುವುದೂ ಒಂದು ಕೆಲಸ ಎಂದು ಬೆಂಚಿನ ಮಕ್ಕಳಿಗೆ ತೋರಿಸಲು ಆ ಒಂದು ಭಾಗ ಸಾಕು. ಉಳಿದದ್ದು ಗೆದ್ದವರು ತಮ್ಮ ಗೆಲುವು ಹೇಳುವ ಸಿನಿಮಾ, ಚೆನ್ನಾಗಿಯೇ ಮಾಡಿದ್ದಾರೆ.

ಇದ್ಯಾವುದೂ ಸಿಗದಿದ್ದರೆ

ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ, ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕು. ಅಂಥವರಿಗೆ ಉದ್ದನೆಯ ಧಾರಾವಾಹಿ ಆಗದು. 11 ಕಂತಿನದನ್ನು ಪೇಟೆಗೆ ಬಂದಾಗ ಇಳಿಸಿಕೊಂಡು ಹೋಗಬಹುದು. ನಾವು ಎಲ್ಲವನ್ನೂ ಇಂಗ್ಲಿಷ್ ಅಡಿಬರಹದಲ್ಲಿ ನೋಡಿದ್ದೇವೆ. ಚಿಕ್ಕವರಿದ್ದರೆ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತ ಹೋದರೆ ಸಾಕು, ಹಲಸಿನ ಹಪ್ಪಳ ಸುಟ್ಟುಕೊಂಡು ಕೂತರೆ ಅದೇ ಒಂದು ಹಬ್ಬ.

ಅರ್ಧ ಗಂಟೆಯಷ್ಟೇ ಸಮಯವಿದ್ದರೆ ಕಥೆಯೇ ಬೇಡ, ಒಂದು ನಿಜವಾದ ಪಂದ್ಯ ನೋಡಿ. 2023ರ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನ ಮಹಿಳಾ ಡಬಲ್ಸ್ ಕ್ವಾರ್ಟರ್‌ಫೈನಲ್. ಬಂಗಾಳದ ನೈಹಾಟಿಯಲ್ಲಿ ಚಿಕ್ಕಂದಿನಿಂದ ಜೊತೆಗೆ ಆಡಿ ಬೆಳೆದ ಐಹಿಕಾ ಮುಖರ್ಜಿ ಮತ್ತು ಸುತೀರ್ಥಾ ಮುಖರ್ಜಿ, ಚೀನಾದ ವಿಶ್ವ ಚಾಂಪಿಯನ್ ಜೋಡಿ ಚೆನ್ ಮೆಂಗ್ ಮತ್ತು ವಾಂಗ್ ಯಿಡಿಯನ್ನು ಅವರದೇ ನೆಲದಲ್ಲಿ ಸೋಲಿಸಿದರು. ಮುಂದೆ ಸೆಮಿಫೈನಲ್‌ನಲ್ಲಿ ಉತ್ತರ ಕೊರಿಯಾಕ್ಕೆ ಸೋತು ಕಂಚು ತಂದರು. ಡಬಲ್ಸ್‌ನಲ್ಲಿ ಜೊತೆಗಾರರು ಒಬ್ಬರಾದ ಮೇಲೆ ಒಬ್ಬರು ಹೊಡೆಯಲೇಬೇಕು ಎಂಬುದು ನಿಯಮ. ಹಾಗಾಗಿ ಐಹಿಕಾ ತಾನೇ ಪಾಯಿಂಟ್ ಮುಗಿಸುವ ಚೆಂಡು ಹುಡುಕುವುದಿಲ್ಲ. ತನ್ನ ಬ್ಯಾಟಿನ ವಿಚಿತ್ರ ರಬ್ಬರಿನಿಂದ ಎದುರಾಳಿಯ ಚೆಂಡು ಎತ್ತರಕ್ಕೆ ಏಳುವಂತೆ ಮಾಡಿ ಪಕ್ಕಕ್ಕೆ ಸರಿಯುತ್ತಾಳೆ, ಸುತೀರ್ಥಾ ಬಂದು ಹೊಡೆಯುತ್ತಾಳೆ. ಹೊಡೆದವಳಿಗೆ ಚಪ್ಪಾಳೆ. ಸರಿದು ನಿಂತವಳ ಪಾದಗಳನ್ನು ನೋಡಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ.

ಅದೇ ಐಹಿಕಾ 2024ರ ಫೆಬ್ರವರಿಯಲ್ಲಿ ಬುಸಾನ್‌ನಲ್ಲಿ ಚೀನಾದ ಸುನ್ ಯಿಂಗ್‌ಶಾರನ್ನು ಸೋಲಿಸಿದಳು, ಸುನ್ ಆಗ ವಿಶ್ವದ ನಂಬರ್ ಒನ್. ಆ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮಾತ್ರ ಮೀಸಲು ಆಟಗಾರ್ತಿಯಾಗಿ ಹೋದಳು. ತಂಡದಲ್ಲಿ ಆಡಿದವರು ಮಣಿಕಾ ಬಾತ್ರಾ, ಶ್ರೀಜಾ ಅಕುಲಾ ಮತ್ತು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್. ಭಾರತ ರೊಮೇನಿಯಾವನ್ನು ಗೆದ್ದು ಕ್ವಾರ್ಟರ್‌ಫೈನಲ್ ತಲುಪಿತು, ಅಲ್ಲಿ ಜರ್ಮನಿಗೆ 1-3ರಿಂದ ಸೋತಿತು. ಆ ಒಂದು ಗೆಲುವು ಅರ್ಚನಾ ಅವರದು. ಒಲಿಂಪಿಕ್ಸ್ ಮುಗಿಸಿ ಅವರು ಓದಿಗೆಂದು ವೃತ್ತಿಪರ ಆಟ ಬಿಟ್ಟರು. ಮನೆಯಲ್ಲಿ ಪರೀಕ್ಷೆ ಹತ್ತಿರ ಬಂದಾಗೆಲ್ಲ ಆಟ ಬಿಡಬೇಕೋ ಬೇಡವೋ ಎಂಬ ಮಾತು ಏಳುತ್ತದಲ್ಲ, ಆಗ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನನ್ನ ಹತ್ತಿರ ಇಲ್ಲ.

ಮಳೆ ಬಿಟ್ಟು ಹೊಳವಾದ ದಿನ ಇವು ಯಾವುದೂ ಬೇಡ. ನಾಲ್ಕೂವರೆಗೆ ಹಾಲ್‌ಗೆ ಬನ್ನಿ. ಬರುವಾಗ ಎರಡು ಒಣ ಬಟ್ಟೆ ತನ್ನಿ, ಒಂದು ಕೈ ಒರೆಸಿಕೊಳ್ಳಲಿಕ್ಕೆ, ಇನ್ನೊಂದು ಚೆಂಡಿಗೆ.